ನಡುಬೆಂಕಿಯ ಮಡಕೆ

ನೀಲಿ ಪ್ಲಾಸ್ಟಿಕ್ ಬಿಂದಿಗೆ ಮತ್ತೆ ಉರುಳಿಕೊಂಡು ಬಂತು, ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ, ಗೇರ್ ಬದಲಿಸಿದಾಗಲೆಲ್ಲ ಹಿಂದಕ್ಕೆ, ಸೀಟಿನ ಕಂಬಿಗೆ ಟಕ್ಕೆಂದು ಬಡಿದು, ಯಾರದೋ ಕಾಲಿಗೆ ತಾಗಿ, ಈಗ ಪುಟ್ಟಲಕ್ಷ್ಮಿಯ ಚಪ್ಪಲಿಯ ಪಕ್ಕ ಬಂದು ನಿಂತಿತು, ಯಾರದಪ್ಪ ಇದು, ಎತ್ತಿ ಇಟ್ಟುಕೊಳ್ಳಬಾರದೇ, ಯಾರೂ ಎತ್ತುವುದಿಲ್ಲ, ಹೇಗೂ ಒಡೆಯುವುದಿಲ್ಲವಲ್ಲ — ಇದು ಒಡೆಯದಿದ್ದರೆ ಯಾರಿಗೂ ದೋಷವಿಲ್ಲ, ಶಾಂತಿ ಮಾಡಿಸಿ ಎಂದು ಯಾರೂ ಹೇಳುವುದಿಲ್ಲ, ಅವಳು ಕಾಲಿನಿಂದ ಅದನ್ನು ಆಚೆ ತಳ್ಳಿದಳು, ಬೇಕಾದ್ದಕ್ಕಿಂತ ಜೋರಾಗಿಯೇ ತಳ್ಳಿದಳು. ಎಲ್ಲಿಗಮ್ಮ, ಟಿ. ನರಸೀಪುರ, ಆಧಾರ್ ತೋರ್ಸಿ, ತೋರಿಸಿದಳು, ಅದರಲ್ಲೂ ಅವನ ಹೆಸರೇ, ಹರಿಪ್ರಸಾದ್‌ನ ಹೆಂಡತಿ ಎಂದು ಸರ್ಕಾರವೇ ಅಚ್ಚು ಹಾಕಿ ಕೊಟ್ಟಿದೆ, ಮೂವತ್ತು ವರ್ಷ ಬಾಯಲ್ಲಿ ಅವರು ಅವರು ಎಂದವಳಿಗೆ ಈ ಹದಿನಾಲ್ಕು ದಿನದಿಂದ ಮನಸ್ಸಿನೊಳಗೆ ಏಕವಚನವೇ ಬರುತ್ತಿದೆ, ಬರಲಿ. ಹೀಗೇ ಉರುಳಿತಂತೆ ಅದೂ, ಮಾವನನ್ನು ಸುಟ್ಟ ದಿನ, ಸೋಸಲೆಯ ಮರಳಿನಲ್ಲಿ, ನೀರು ತುಂಬಿದ ಮಡಕೆಯನ್ನು ಹೆಗಲ ಮೇಲಿಟ್ಟುಕೊಂಡು ಮಗ ಚಿತೆಯನ್ನು ಮೂರು ಸುತ್ತು ಬರಬೇಕು, ಸುತ್ತಿಗೊಂದು ತೂತು ಹೊಡೆಯಬೇಕು, ಕೊನೆಗೆ ಹಿಂದಕ್ಕೆ ಎಸೆದರೆ ಫಟ್ಟೆಂದು ಒಡೆಯಬೇಕು, ತಿರುಗಿ ನೋಡದೆ ನಡೆದುಬಿಡಬೇಕು, ಅದು ಪದ್ಧತಿ — ಒಡೆಯಲಿಲ್ಲವಂತೆ, ಧೊಪ್ಪೆಂದು ಬಿದ್ದು, ಉರುಳಿ, ಬಾಯಿ ಮೇಲೆ ಮಾಡಿಕೊಂಡು ಕೂತುಬಿಟ್ಟಿತಂತೆ. ಅವಳು ಮಾಡಿದ ಮಡಕೆ. ಮೂರು ವರ್ಷದಲ್ಲಿ ಕೈಗೆ ಸರಿಯಾಗಿ ಬಂದ ಒಂದೇ ಒಂದು ಮಡಕೆ. ಅದಕ್ಕೇ ಇವತ್ತು ಸಾಯಂಕಾಲ ನಾಲ್ಕಕ್ಕೆ ಟೆಂಪೋ ಬರುತ್ತದೆ, ಅವಳ ತಿಗರಿಯನ್ನು, ಆ ಕುಂಬಾರ ಚಕ್ರವನ್ನು, ಎತ್ತಿಕೊಂಡು ಹೋಗುವುದಕ್ಕೆ, ಇನ್ನು ಮೇಲೆ ಆ ಮನೆಯೊಳಗೆ ಮಣ್ಣು ಬರಕೂಡದಂತೆ.

ಕಾಲುವೆ ದಾಟಿತು, ಕಬ್ಬಿನ ಲೋಡಿನ ಟ್ರಾಕ್ಟರು ದಾರಿ ಕೊಡುತ್ತಿಲ್ಲ, ಡ್ರೈವರ್ ಹಾರ್ನ್ ಒತ್ತಿ ಹಿಡಿದಿದ್ದಾನೆ, ಆವತ್ತಿನ ಗಾಡಿ ಈ ದಾರಿಯಲ್ಲೇ ಬಂದಿರಬೇಕು, ಮಾವ ಬರೆದಿಟ್ಟಿದ್ದರಲ್ಲ, ನನ್ನನ್ನು ನಂಜನಗೂಡಿನಲ್ಲಿ ಸುಡಬೇಡಿ, ಹುಟ್ಟಿದ ಊರಿಗೆ ಒಯ್ಯಿರಿ, ಕಾವೇರಿಯ ದಡಕ್ಕೆ. ಕೃಷ್ಣಮೂರ್ತಿ ಮೇಷ್ಟ್ರು, ಎಂಬತ್ತಾರು ವರ್ಷ, ಸಂಸ್ಕೃತ ಪಾಠ ಹೇಳಿದವರು, ಬೆಳಗಿನ ಐದೂವರೆಗೆ ಹೋದರು, ಆಚಾರ್ಯರು ಬಂದು ಪಟ್ಟಿ ಹೇಳಿದರು, ದರ್ಭೆ, ಎಳ್ಳು, ಬಿದಿರು, ಒಂದು ಹೊಸ ಮಡಕೆ, ಅಂಗಡಿ ಬೀದಿ ಇನ್ನೂ ತೆರೆದಿಲ್ಲ, ಅಷ್ಟು ಹೊತ್ತು ಕಾಯಲು ಯಾರಿಗೂ ಪುರುಸೊತ್ತಿಲ್ಲ, ಅಯ್ಯೋ ಮಡಕೆ ಮನೇಲೇ ಇದೆಯಲ್ಲ, ಅಪ್ಪನ ಮಂಚದ ಕೆಳಗೆ ಬಟ್ಟೆ ಮುಚ್ಚಿ ಇಟ್ಟಿದಾರೆ ಅತ್ತಿಗೆ — ನಾದಿನಿ ಹರಿಪ್ರಿಯಾ, ಎಲ್ಲದಕ್ಕೂ ಅವಳ ಕಣ್ಣು ಮುಂದು. ಪುಟ್ಟಲಕ್ಷ್ಮಿ ತಲೆಗೆ ನೀರು ಹಾಕಿಕೊಂಡು ಬರುವ ಹೊತ್ತಿಗೆ ಅದು ಗಾಡಿಯೊಳಗೆ ಕೂತಿತ್ತು, ಬಿದಿರಿನ ಪಕ್ಕ, ಕತ್ತಿಗೆ ಹಗ್ಗ ಕಟ್ಟಿಸಿಕೊಂಡು. ಅದು ನನ್ನದು ಅಂದಳು. ಈಗ ಅದೆಲ್ಲ ಹೇಳೋ ಹೊತ್ತೇ ಅತ್ತಿಗೆ. ಹೊತ್ತಲ್ಲ, ನಿಜ, ಯಾವತ್ತು ಹೊತ್ತಿತ್ತು ಹೇಳೇ ಹರಿಪ್ರಿಯಾ, ಮೂರು ವರ್ಷ ನನ್ನ ಒಂದು ಕುಡಿಕೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ, ಮಣ್ಣಿನದು ಒಂದು ಸಲ ಮೈಲಿಗೆಯಾದರೆ ತೊಳೆದರೂ ಹೋಗದು, ತಾಮ್ರವಾದರೆ ಹುಣಿಸೆಹಣ್ಣು ಹಾಕಿ ತಿಕ್ಕಬಹುದು, ಮಾವ ಮಂಚದ ಮೇಲೆ ಮಲಗಿಕೊಂಡೇ ಶಾಸ್ತ್ರ ಹೇಳುತ್ತಿದ್ದರು, ಉಪ್ಪಿಗೆ ಬೇಡ, ಮೊಸರಿಗೆ ಬೇಡ, ತುಳಸಿಗೂ ಬೇಡ, ಹೆಣಕ್ಕೆ ಆಗುತ್ತದೆ. ಹೆಣಕ್ಕೆ ಮಾತ್ರ ಆಗುತ್ತದೆ! ಅವಳ ಹಲ್ಲು ಕಚ್ಚಿಕೊಂಡದ್ದು ಪಕ್ಕದ ಸೀಟಿನವಳಿಗೂ ಕೇಳಿಸಿತೇನೋ, ತಿರುಗಿ ನೋಡಿದಳು.

ಆಗಲೇ ಹೇಳಬಹುದಿತ್ತು, ಅದು ಹೊಸ ಮಡಕೆಯಲ್ಲ, ಒಯ್ಯಬೇಡಿ ಎಂದು ಒಂದು ಮಾತು, ಯಾಕೆ ನಾಲಿಗೆ ಏಳಲಿಲ್ಲ, ಯಾಕೆಂದರೆ ಅದು ಹೊಸದಲ್ಲ ಎಂದರೆ ಅದರಲ್ಲಿ ಏನಿತ್ತು ಎಂದು ಹೇಳಬೇಕಾಗುತ್ತಿತ್ತು. ನೀರಿತ್ತು. ಎರಡು ತಿಂಗಳಿಂದ ಮಾವ ಕುಡಿದದ್ದು ಅದರ ನೀರನ್ನೇ. ಫ್ರಿಜ್ಜಿನದು ಹಲ್ಲು ಜುಮ್ಮೆನ್ನುತ್ತದೆ, ತಾಮ್ರದ್ದು ಬಿಸಿಯಾಗಿದೆ, ಎಂದು ಅವರು ಗೊಣಗುತ್ತಿದ್ದಾಗ ಒಂದು ಮಧ್ಯಾಹ್ನ ರೋಸಿಹೋಗಿ ಕೊಟ್ಟೇಬಿಟ್ಟಳು, ಬೆಳ್ಳಿ ಲೋಟಕ್ಕೆ ಬಗ್ಗಿಸಿ, ಮಡಕೆಯನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿ, ಅವರು ಗಟಗಟ ಕುಡಿದು, ಎಷ್ಟು ತಂಪಾಗಿದೆ ಲಕ್ಷ್ಮೀ, ತಾಮ್ರದ ಗುಣವೇ ಗುಣ ನೋಡು. ಗೋಡೆಯ ಕಡೆ ತಿರುಗಿ ನಕ್ಕಿದ್ದಳು, ನಗು ಮುಗಿಯುವುದರೊಳಗೆ ಕಣ್ಣು ಉರಿಯಿತು, ನನ್ನ ಕೈಯ ತಂಪನ್ನು ಕುಡಿದು ಹೊಗಳಿದ್ದು ತಾಮ್ರವನ್ನು. ಆದರೂ ದಿನಾ ಕೊಟ್ಟಳು, ದಿನಾ ಆ ಮಾತು ಕೇಳುವುದಕ್ಕೆ ಕಾದಳು, ಅದನ್ನೂ ಒಪ್ಪಿಕೊಳ್ಳಬೇಕು. ಕಾಲಿಗೆ ಟಕ್. ಮತ್ತೆ ಬಂತು ಬಿಂದಿಗೆ. ಈ ಸಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಎಷ್ಟು ಹಗುರ, ಒಳಗೆ ಏನೂ ಇಲ್ಲ, ಯಾವ ಕೈಯ ಗುರುತೂ ಇಲ್ಲ, ತನ್ನದರ ತಳದಲ್ಲಿ ಒಳಗಡೆ ಹೆಬ್ಬೆರಳಿನ ಒಂದು ತಗ್ಗು ಇತ್ತು, ನೀರು ತುಂಬಿದರೂ ಬೆರಳಿಗೆ ಸಿಗುತ್ತಿತ್ತು. ನಂದು ಕಣಕ್ಕ, ಕೊಡಿ ಇಲ್ಲಿ, ಹಿಂದಿನ ಸೀಟಿನ ಹೆಂಗಸು ಕೈ ಚಾಚಿದಳು, ಕೊಟ್ಟಳು.

ಹುಲ್ಲಹಳ್ಳಿಯ ಸಂತೆಗೆ ಹೋಗದೆ ಇದ್ದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ, ಹೂವಿನ ಕುಂಡ ಬೇಕಿತ್ತು, ಅಷ್ಟೇ, ಕುಂಬಾರರ ಮಂಗಳಮ್ಮನ ಮನೆಯ ಜಗುಲಿಯಲ್ಲಿ ಹಸಿಮಣ್ಣಿನ ಮುದ್ದೆ, ಮೇಲೆ ಒದ್ದೆ ಗೋಣಿ, ಯಾಕೋ ಬೆರಳು ಇಟ್ಟಳು, ಬೆರಳು ಒಳಗೆ ಹೋಯಿತು, ತೆಗೆಯಲು ಮನಸ್ಸೇ ಬರಲಿಲ್ಲ. ನಲವತ್ತೊಂಬತ್ತು ವರ್ಷ ವಯಸ್ಸು ಆಗ. ಬೇಕಾ ಕಲೀಯಕ್ಕೆ, ಮಂಗಳಮ್ಮ ನಕ್ಕಳು, ನಮ್ ಯಜಮಾನ ಓಗಿ ಏಳು ವರ್ಸ ಆಯ್ತು, ತಿಗರಿ ಅಂಗೇ ಕೂತದೆ, ನಮ್ಮಲ್ಲಿ ಎಣ್ಮಕ್ಳು ತಿಗರಿ ಮುಟ್ಟಂಗಿಲ್ಲ ಕಣವ್ವ, ತಟ್ಟಬೋದು, ಸುಡಬೋದು, ತಿರುಗ್ಸಂಗಿಲ್ಲ, ನೀ ನಮ್ಮೋಳಲ್ವಲ್ಲ, ನಿಂಗೇನು, ಕೂತ್ಕೊ. ನಲವತ್ತು ವರ್ಷ ಗಂಡನ ಪಕ್ಕ ಕೂತು ನೋಡಿದ ಹೆಂಗಸು, ಚಕ್ರದ ವಿದ್ಯೆಯೆಲ್ಲ ಕಣ್ಣಲ್ಲಿದೆ, ಕೈ ಮಾತ್ರ ಎರಡೂ ಕಂಕುಳಲ್ಲಿ, ಗಟ್ಟಿಯಾಗಿ ಸಿಕ್ಕಿಸಿಕೊಂಡು, ಎಲ್ಲಿ ತಪ್ಪಿ ಮುಟ್ಟಿಬಿಡುತ್ತೇನೋ ಎಂಬ ಹಾಗೆ, ಬಾಯಲ್ಲೇ ಕಲಿಸಿದಳು, ಅದುಮ್ಬ್ಯಾಡ, ಒತ್ತು, ಮೊಣಕೈನ ತೊಡೆಗೆ ಊರು, ಮಣ್ಣು ಕುಣೀತಾ ಅದೆ, ನೀ ಕುಣೀಬ್ಯಾಡ. ಅದನ್ನು ನೋಡಿ ಪುಟ್ಟಲಕ್ಷ್ಮಿಗೆ ಆಗಲೂ ಸಿಟ್ಟು ಬಂದಿತ್ತು, ಮುಟ್ಟಿ ಮಂಗಳಮ್ಮ, ಯಾರು ನೋಡ್ತಾರೆ, ಎಂದರೆ, ನಾ ನೋಡ್ತೀನಲ್ಲವ್ವ ಅಂದಳು. ಒಂದು ವರ್ಷ ಬರೀ ಕುಸಿದವು, ಕತ್ತು ಸೊಟ್ಟ, ಹೊಟ್ಟೆ ದಪ್ಪ, ಆವಿಗೆಯ ಬೆಂಕಿಯಲ್ಲಿ ಸಿಡಿದವು, ಬಸ್ಸಿನಲ್ಲಿ ಹಳೇ ಸೀರೆ ಸುತ್ತಿ ತಂದವು ಮನೆ ಬಾಗಿಲಲ್ಲಿ ಚೂರಾದವು. ಕೊನೆಗೆ ಮಂಗಳಮ್ಮನೇ, ಇಲ್ಲಿ ಗೆದ್ದಲು ಇಡಿಯೋದಕ್ಕಿಂತ ನಿನ್ನತ್ರ ತಿರುಗ್ಲಿ ಎಂದು ತಿಗರಿಯನ್ನು ನಂಜನಗೂಡಿಗೆ ಕಳಿಸಿಕೊಟ್ಟಳು, ಹಿತ್ತಿಲಿನ ಹಳೇ ಕೊಟ್ಟಿಗೆಯಲ್ಲಿ ಕೂರಿಸಿದ್ದಾಯಿತು, ಬೆಳಗಿನ ಕೆಲಸವೆಲ್ಲ ಮುಗಿಸಿ ಹನ್ನೊಂದರಿಂದ ಒಂದರವರೆಗೆ, ಎರಡು ಗಂಟೆ, ಇಡೀ ದಿನದಲ್ಲಿ ಅವಳದು ಎನ್ನುವ ಎರಡು ಗಂಟೆ. ಒಂದು ದಿನ ಮಣ್ಣು ನಿಂತಿತು. ಚಕ್ರ ಸುತ್ತುತ್ತಿದೆ, ಮಣ್ಣು ಸುತ್ತುತ್ತಿದೆ, ಆದರೆ ಅಂಗೈಯೊಳಗೆ ಅಲುಗಾಟವಿಲ್ಲ, ನಿಂತುಬಿಟ್ಟಿದೆ, ಅದನ್ನು ಹೇಗೆ ಹೇಳುವುದು, ಮದುವೆಯಲ್ಲಿ ಆಗದ, ಹೆತ್ತಾಗಲೂ ಪೂರ್ತಿ ಆಗದ ಸುಖ, ಹೌದು ಸುಖವೇ, ನಾಚಿಕೆಯೇನು, ಯಾರೂ ಕೊಟ್ಟದ್ದಲ್ಲ, ಯಾರನ್ನೂ ಕೇಳಿ ಪಡೆದದ್ದಲ್ಲ, ಎರಡು ಕೈ ಮತ್ತು ಮಣ್ಣು. ಆವತ್ತು ಎದ್ದ ಮಡಕೆ ಅದು. ಮಂಗಳಮ್ಮನ ಆವಿಗೆಯಲ್ಲಿ ಸುಟ್ಟು ತಂದ ಮೇಲೆ ಗೆಣ್ಣಿನಿಂದ ತಟ್ಟಿದರೆ ದೇವಸ್ಥಾನದ ಗಂಟೆಯ ಹಾಗೆ ಎಷ್ಟೋ ಹೊತ್ತು ಕೇಳಿಸುತ್ತಿತ್ತು. ಹರಿಪ್ರಸಾದ್ ಆ ಸಂಜೆಯೂ ಬಂದ, ಹಿತ್ತಿಲ ನಲ್ಲಿಯಲ್ಲಿ ಕಾಲು ತೊಳೆದ, ಗಣಿತದ ಮೇಷ್ಟ್ರು, ಕೊಟ್ಟಿಗೆಯ ಬಾಗಿಲಿನಿಂದ ನಲ್ಲಿಗೆ ನಾಲ್ಕು ಹೆಜ್ಜೆ, ಹೊಸ್ತಿಲಲ್ಲೇ ಇಟ್ಟಿದ್ದಳು ನೋಡಲಿ ಎಂದು, ಟವೆಲಿನಿಂದ ಕಾಲು ಒರೆಸಿಕೊಂಡು, ಕಾಫಿ ಆಯ್ತಾ, ಎಂದು ಒಳಗೆ ಹೋದ. ಬೈದಿದ್ದರೂ ಆಗುತ್ತಿತ್ತು, ಇದೇನು ಹುಚ್ಚು ಎಂದು ಕೂಗಾಡಿದ್ದರೂ ಆಗುತ್ತಿತ್ತು, ಅವನು ಕೂಗಾಡುವವನಲ್ಲ, ಒಳ್ಳೆಯವನು, ಊರೆಲ್ಲ ಹೇಳುತ್ತದೆ, ಎರಡು ವರ್ಷ ದಿನಕ್ಕೆರಡು ಸಲ ಆ ನಾಲ್ಕು ಹೆಜ್ಜೆ ನಡೆದವನು ಒಂದೇ ಒಂದು ಸಲ ಕತ್ತು ತಿರುಗಿಸಲಿಲ್ಲ.

ಮಡಕೆ ಬಿದ್ದು, ಉರುಳಿ, ಬಾಯಿ ಮೇಲೆ ಮಾಡಿಕೊಂಡು — ನಿನ್ನೆ ಸಮಾರಾಧನೆಯ ಪಂಕ್ತಿಯಲ್ಲಿ ಮತ್ತೆ ಅದೇ ಮಾತು, ಹದಿಮೂರು ದಿನದಲ್ಲಿ ಎಷ್ಟನೆಯ ಸಲವೋ, ಅಣ್ಣ ಎಸೆದರೂ ಒಡೀಲಿಲ್ವಂತೆ, ಹೀಗೆ ಎಲ್ಲಾದ್ರೂ ಕೇಳಿದೀರಾ, ಅಪ್ಪಂಗೆ ಬಿಡುಗಡೆ ಆಗ್ಬೇಕೋ ಬೇಡವೋ, ಅದಕ್ಕೇ ಹೇಳೋದು, ನಮ್ಮದಲ್ಲದ ಕೆಲಸಕ್ಕೆ ಕೈ ಹಾಕಬಾರದು ಅಂತ, ಹರಿಪ್ರಿಯಾ ತುಪ್ಪ ಬಡಿಸುತ್ತ ಹೇಳುತ್ತಿದ್ದಾಳೆ, ಪುಟ್ಟಲಕ್ಷ್ಮಿ ಪಾಯಸದ ಪಾತ್ರೆ ಹಿಡಿದು ಅವಳ ಹಿಂದೆಯೇ ಇದ್ದಾಳೆ. ಆಚಾರ್ಯರು ತಲೆ ಅಲ್ಲಾಡಿಸಿದರು, ಒಂದು ಶಾಂತಿ ಮಾಡಿಸಿಬಿಡಿ, ಆ ಚಕ್ರವನ್ನೂ ಸಾಗಹಾಕಿ. ಹರಿಪ್ರಿಯಾ ಅದಕ್ಕೂ ತಯಾರು, ನಮ್ಮ ಪರಿಚಯದ ಅಮೃತೇಶ್ ಇದಾನೆ, ಟಿ. ನರಸೀಪುರದಲ್ಲಿ ಹೋಂಸ್ಟೇ, ಬಾಗಿಲಲ್ಲಿ ನಿಲ್ಲಿಸಿ ಸುತ್ತ ಹೂ ಇಡ್ತಾನಂತೆ, ಬಂದೋರು ಫೋಟೋ ತೆಗೆಸ್ಕೋತಾರೆ, ನಾಳೆ ನಾಲ್ಕಕ್ಕೆ ಟೆಂಪೋ ಕಳಿಸ್ತೀನಿ ಅಂದಿದಾನೆ. ಎಲ್ಲರೂ ಹರಿಪ್ರಸಾದನ ಕಡೆ ನೋಡಿದರು. ಅವನು ಎಲೆಯನ್ನು ನೋಡುತ್ತ, ಆಗಲಿ, ಕೊಟ್ಟುಬಿಡೋಣ ಅಂದ. ಯಾರದನ್ನು ಯಾರು ಕೊಡುವುದು, ಅದು ಮಂಗಳಮ್ಮನ ಗಂಡನ ತಿಗರಿ, ನಿಮ್ಮಪ್ಪನದಲ್ಲ, ಇದು ಬಾಯಿಯವರೆಗೆ ಬಂತು, ಪಂಕ್ತಿಯಲ್ಲಿ ಇಪ್ಪತ್ತೆಂಟು ಜನ, ಅವಳು ಅವನ ಎಲೆಗೆ ಎರಡು ಸೌಟು ಪಾಯಸ ಹಾಕಿದಳು, ಸಾಕು ಸಾಕು ಎಂದು ಅವನು ಕೈ ಅಡ್ಡ ಹಿಡಿದರೂ ಮೂರನೆಯದನ್ನೂ ಹಾಕಿದಳು, ಕೈಯ ಮೇಲೆ ಬಿತ್ತು, ಬಿಸಿ ಇತ್ತು. ಮಧ್ಯಾಹ್ನ ಹಿತ್ತಿಲಿಗೆ ಹೋಗಿ ಮಂಗಳಮ್ಮನಿಗೆ ಫೋನ್ ಮಾಡಿದರೆ ಆ ಪುಣ್ಯಾತ್ಗಿತ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಅಯ್ ನನ್ ತಾಯಿ, ಸಾವಿನ ಮಡಕೆ ಬ್ಯಾರೆ ಕಣವ್ವ, ಅದ್ಕೆ ಮಣ್ಣಿಗೆ ಬೂದಿ ಜಾಸ್ತಿ ಕಲಸ್ತೀವಿ, ಆವಿಗೇಲಿ ಅಂಚಿಗೆ ಮಡಗ್ತೀವಿ, ಅರೆ ಬೇಯ್ಬೇಕು ಅದು, ಬಿದ್ರೆ ಪುಡಿಯಾಗ್ಬೇಕು, ನಿಂದು ನೀರ್ ಕುಡಿಯೋ ಮಡಕೆ, ನಡುಬೆಂಕೀಲಿ ಮಡಗಿದ್ನಲ್ಲ ನಾನೇ, ಒಡೆದಾತಾ? ಆಮೇಲೆ ನಗು ನಿಲ್ಲಿಸಿ, ಒಡೀನಿಲ್ವಾ, ನಿಜವಾಗ್ಲೂ ಒಡೀನಿಲ್ವಾ, ಅಂಗಾರೆ ಕಲ್ತ್‌ಬುಟ್ಟೆ ಕಣವ್ವ ನೀನು. ಆ ಮಾತು ಕೇಳಿ ಎದೆಯೊಳಗೆ ಏನೋ ಹಿಗ್ಗಿತು, ಸೂತಕ ಕಳೆದು ಒಂದು ದಿನವಾಗಿರದ ಮನೆಯಲ್ಲಿ ನಿಂತು ಹಿಗ್ಗಿದಳು, ಪಾಪವಾದರೆ ಆಗಲಿ. ಇವತ್ತು ಬೆಳಗ್ಗೆ ಕಾಫಿ ಮಾಡಿಟ್ಟು, ಹೊರಗೆ ಹೋಗಿ ಬರ್ತೀನಿ, ಅಂದಳು, ಎಲ್ಲಿಗೆ ಎಂದು ಕೇಳಲೂ ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ಆಮೇಲೆ ಯಾರಾದರೂ ಒಡೆದುಹಾಕಿದ್ದರೂ ಚೂರುಗಳು ಇರುತ್ತವಲ್ಲ, ಎಲ್ಲಿ ಬಿತ್ತೋ ಅಲ್ಲಿ ಒಂದು ಸಲ ನಿಂತು ನೋಡಬೇಕು.

ನರಸೀಪುರದ ಬಸ್ ಸ್ಟ್ಯಾಂಡ್, ಇಡ್ಲಿ ವಾಸನೆ, ಡೀಸೆಲ್, ಸೋಸಲೆ ಸೋಸಲೆ ಎಂದು ಕೂಗುವ ಆಟೋ, ಹತ್ತಿದಳು, ಮಠದ ಬೀದಿಯಲ್ಲಿ ಇಳಿದಳು, ಮುಂದಕ್ಕೆ ನಡೆದಳು, ಹೊಳೆಯ ನೀರು ತಗ್ಗಿ ದೂರದವರೆಗೆ ಮರಳು ಬಿಟ್ಟುಕೊಂಡಿದೆ, ಬಿಸಿಲು ಆಗಲೇ ಚುರುಗುಟ್ಟುತ್ತಿದೆ, ಚಪ್ಪಲಿಯೊಳಗೆ ಮರಳು, ಕಪ್ಪಗಾದ ನೆಲ ಅಲ್ಲೊಂದು ಇಲ್ಲೊಂದು, ಯಾವುದು ಮಾವನದು. ಮಡಕೆಯ ಚೂರುಗಳೂ ಇದ್ದವು ಬೇಕಾದಷ್ಟು, ಎತ್ತಿ ಮುರಿದು ನೋಡಿದಳು, ಬಿಸ್ಕತ್ತಿನ ಹಾಗೆ ಮುರಿಯಿತು, ಒಳಗೆ ಕಪ್ಪು, ಅರೆಬೆಂದದ್ದು, ಇದು ನನ್ನದಲ್ಲ, ಇದೂ ಅಲ್ಲ. ಯಾರವ್ವ ಅದು, ಎಂಗಸ್ರು ಬರೋ ಜಾಗ್ವಾ ಇದು — ತಗಡಿನ ಮಾಡಿನ ಕೆಳಗಿಂದ ಒಬ್ಬ ಎದ್ದು ಬಂದ, ಹೆಗಲ ಮೇಲೆ ಟವೆಲು, ಸೌದೆ ನೋಡಿಕೊಳ್ಳುವ ಸಿದ್ದರಾಜುವಂತೆ, ನಂಜನಗೂಡಿನ ಕೃಷ್ಣಮೂರ್ತಿ ಮೇಷ್ಟ್ರ ಸೊಸೆ ಎಂದಳು, ಓ, ಆ ಮಡಕೆಯೋರಾ! ಅವನ ಮುಖ ಅರಳಿತು. ಅದ್ಯಾವನವ್ವ ಮಾಡಿದ್ದು ಆ ಮಡಕೆಯ? ನಾನು ಅಂದಳು. ಅವನು ಅವಳ ಮುಖ ನೋಡಿದ, ಸೀರೆಯ ಅಂಚು ನೋಡಿದ, ಆಮೇಲೆ ಕೈ ನೋಡಿದ, ಉಗುರಿನ ಸಂದಿಯಲ್ಲಿ ಹದಿನಾಲ್ಕು ದಿನದ ಮೇಲೂ ಹೋಗದ ಮಣ್ಣು, ನಂಬಿದ. ಇಪ್ಪತ್ತು ವರ್ಸ ಆಯ್ತು ಇಲ್ಲಿ, ಅಂತಾ ಮಡಕೆ ನೋಡಿಲ್ಲ ಕಣವ್ವ, ತೂತು ಒಡಿಯಕ್ಕೇ ಆಗ್ನಿಲ್ಲ, ಆಚಾರ್ರು ಕಲ್ಲಲ್ಲಿ ಕುಟ್ತಾರೆ ಕುಟ್ತಾರೆ, ಕೊನೀಗೆ ನಾ ಮೊಳೆ ಕೊಟ್ಟೆ. ಆಮೇಲೆ ನಿಮ್ ಯಜಮಾನ್ರು ಎಸುದ್ರು. ಸದ್ದೇ ಇಲ್ಲ. ಒಂದೆಜ್ಜೆ ಮುಂದಕ್ಕಿಟ್ರು, ನಿಂತ್ಕಂಡ್ರು, ತಿರುಗ್ಬುಟ್ರು. ಏನಂದೆ? ತಿರುಗ್ಬುಟ್ರು ಕಣವ್ವ, ತಿರುಗ್‌ಬ್ಯಾಡಿ ತಿರುಗ್‌ಬ್ಯಾಡಿ ಅಂತ ಆಚಾರ್ರು ಬಡ್ಕತಾವ್ರೆ, ಇವ್ರು ಆ ಮಡಕೆಯ ನೋಡ್ತಾನೇ ಅವ್ರೆ, ಯಾರೋ ರಟ್ಟೆ ಇಡ್ದು ಎಳ್ಕಂಡೋದ್ರು, ಮಡಕೆ ಒಡೀದಿದ್ರೆ ಕಲ್ಲಲ್ಲಿ ಒಡುದ್ರಾಯ್ತು, ಅದ್ಕೇನು ದೋಸ ಇಲ್ಲ, ತಿರುಗಿ ನೋಡಿದ್ದೇ ದೋಸ ಅಂತ ಆಚಾರ್ರು ಬೈದ್ರು, ಮನೇಲಿ ಯಾರೂ ಈ ಮಾತ ಎತ್‌ಬ್ಯಾಡಿ ಅಂದ್ರು ಮಿಕ್ಕೋರು. ಕೊನೀಗೆ ನಾನೇ ಒಡುದೆ. ಮೂರೇಟು ಬೇಕಾಯ್ತು.

ಅವಳು ಸೌದೆಯ ತುಂಡಿನ ಮೇಲೆ ಕೂತಳು. ಮುಚ್ಚಿಟ್ಟರು, ಅಷ್ಟೂ ಗಂಡಸರು, ಅವನು ತಿರುಗಿದ್ದನ್ನು ಮುಚ್ಚಿಟ್ಟು ಮಡಕೆ ಒಡೆಯಲಿಲ್ಲ ಎಂಬ ಒಂದನ್ನು ಮನೆಗೆ ತಂದರು, ದೋಷ ತನ್ನದೆಂದು ಗೊತ್ತಿದ್ದೂ ಅವನು ಹದಿಮೂರು ದಿನ ತಲೆ ತಗ್ಗಿಸಿ ಕೂತ, ಹರಿಪ್ರಿಯಾ ನನ್ನ ಕೈಯನ್ನು ಬೈಯುವಾಗ ಕೂತ, ಎಲೆ ನೋಡುತ್ತ ಆಗಲಿ ಅಂದ, ಒಳ್ಳೆಯವನು, ಊರೆಲ್ಲ ಹೇಳುತ್ತದೆ, ಥೂ. ನೀರು ಕೊಡಪ್ಪ ಅಂದಳು, ಇಲ್ಲೀದು ಕುಡೀತೀರಾ ಎಂದು ಅವನು ಅನುಮಾನಿಸಿದ, ಕೊಡು ಅಂದಳು, ತಗಡಿನ ನೆರಳಿನಲ್ಲಿ ಅವನ ನೀರಿನ ಮಡಕೆ, ಯಾರೋ ಮಾಡಿದ ಸಾಮಾನ್ಯ ಮಡಕೆ, ಅದು ಅಲ್ಲಾಡದ ಹಾಗೆ ಕೆಳಗೊಂದು ಮಣ್ಣಿನ ಬಳೆ ಇಟ್ಟಿದ್ದಾನೆ — ಕಂಠ. ತನ್ನ ಮಡಕೆಯ ಕಂಠ, ಎರಡು ಗೆರೆ, ಒಳಕ್ಕೆ ಮಡಿಸಿದ ಅಂಚು, ಒಂದು ಚಕ್ಕೆಯೂ ಎದ್ದಿಲ್ಲ. ಇಷ್ಟು ಮಾತ್ರ ಒಡೀನಿಲ್ಲ ಕಣವ್ವ, ಎಸಿಯಕ್ಕೆ ಮನ್ಸು ಬರ್ನಿಲ್ಲ, ತಕ್ಕಂಡೋಗ್ತೀರಾ? ಬಾಗಿ ಬೆರಳಿನಿಂದ ಅಂಚನ್ನು ಸುತ್ತ ಸವರಿದಳು, ಬೆರಳಿಗೆ ಗುರುತಿತ್ತು, ಬೇಡ, ಇರಲಿ, ಕೆಲಸದಲ್ಲಿದೆಯಲ್ಲ ಅಂದಳು, ನೀರು ಕುಡಿದಳು, ಎರಡು ಲೋಟ. ಗಂಟೆ ಹತ್ತೂವರೆ, ಒಂದು ಗಂಟೆಗೆ ಮನೆ ಸೇರಬಹುದು, ಗೋಣಿಯಡಿಯ ಮಣ್ಣು ಒಣಗಿರುತ್ತದೆ, ನೀರು ಹಾಕಿ ತುಳಿದು ನಾದಬೇಕು, ನಾಲ್ಕಕ್ಕೆ ಟೆಂಪೋ ಬರಲಿ, ಅಮೃತೇಶನೇ ಬರಲಿ, ಹರಿಪ್ರಿಯಾ ಆಚಾರ್ಯರನ್ನೂ ಕರೆತರಲಿ, ಸುತ್ತುತ್ತಿರುವ ತಿಗರಿಯನ್ನು ಹೇಗೆ ಎತ್ತುತ್ತಾರೋ ನೋಡುತ್ತೇನೆ, ಮಂಚದ ಕೆಳಗಿನ ನೀರಿನ ಮಾತನ್ನೂ ಹೇಳುತ್ತೇನೆ, ನಿಮ್ಮಪ್ಪ ಎರಡು ತಿಂಗಳು ನನ್ನ ಕೈಯ ಮಣ್ಣಿನಲ್ಲಿ ತಣ್ಣಗಾದ ನೀರು ಕುಡಿದು ಹೋದರು ಎಂದು ಎಲ್ಲರೆದುರಿಗೇ, ಅವನು ನಲ್ಲಿಯ ಹತ್ತಿರ ನಿಂತಿರುತ್ತಾನೆ, ಕಾಲು ತೊಳೆಯುತ್ತ, ನಾಲ್ಕು ಹೆಜ್ಜೆ, ಆಗ ಕೇಳುತ್ತೇನೆ, ಏಕವಚನದಲ್ಲೇ ಕೇಳುತ್ತೇನೆ, ಅಲ್ಲಿ ತಿರುಗಿದೆಯಲ್ಲ, ಎಲ್ಲರೂ ಬೇಡ ಎಂದಾಗ, ತಿರುಗಬಾರದ ಒಂದೇ ಒಂದು ಜಾಗದಲ್ಲಿ, ಏನು ಕಂಡೆ — ಮರಳಿನ ಮೇಲೆ ಅವನ ಬೆನ್ನು, ಒದ್ದೆ ಪಂಚೆ, ಮಡಕೆ ಕೈಬಿಟ್ಟಿದೆ, ಸದ್ದಿಲ್ಲ, ಒಂದು ಹೆಜ್ಜೆ, ನಿಲ್ಲುತ್ತಾನೆ, ಕತ್ತು ಹೊರಳುತ್ತದೆ, ಮೂರು ತೂತಿನಿಂದ ನೀರು ಸುರಿಸುತ್ತ ಇಡಿಯಾಗಿ ಕೂತಿದೆ ಮಡಕೆ, ನೋಡುತ್ತಾನೆ, ಅವನು ನೋಡುತ್ತಾನೆ.